ಸಹಿ ಹಾಕಿದ್ದು ನಾನು, ತಮ್ಮನನ್ನು ಕಳಿಸಿದ್ದೂ ನಾನೇನಾ?

ಪ್ರಶ್ನೆ: ಎರಡು ತಿಂಗಳ ಹಿಂದೆ ನನ್ನ ತಮ್ಮ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ನಾಲ್ಕನೇ ದಿನ ಡಾಕ್ಟರು ಪರೀಕ್ಷೆ ಮಾಡಿ, ಮಿದುಳು ನಿಷ್ಕ್ರಿಯವಾಗಿದೆ ಎಂದರು. ವೆಂಟಿಲೇಟರ್ ತೆಗೆಯುವ ಕಾಗದಕ್ಕೆ ಸಹಿ ಹಾಕಿದ್ದು ನಾನು. ಆಗಲೂ ಅವನ ಕೈ ಬೆಚ್ಚಗಿತ್ತು, ಎದೆ ಏರಿಳಿಯುತ್ತಿತ್ತು. ತೆಗೆದ ಮೇಲೆ ತೋಳು ಒಮ್ಮೆ ಮೇಲೆದ್ದಿತು. ಅಮ್ಮ ಅದನ್ನು ನೋಡಿದರು. ‘ಜೀವ ಇತ್ತು, ನೀನೇ ಕಳಿಸಿಬಿಟ್ಟೆ’ ಎನ್ನುತ್ತಾರೆ. ಮನೆಗೆ ಬಂದವರೆಲ್ಲ ಕೋಮಾದಿಂದ ಎದ್ದವರ ಕಥೆ ಹೇಳುತ್ತಾರೆ. ನಾನು ಆತುರಪಟ್ಟೆನಾ?

ಉತ್ತರ: ಇಲ್ಲ. ನೀವು ಪೆನ್ನು ಹಿಡಿಯುವ ಹೊತ್ತಿಗೆ ತಮ್ಮ ತೀರಿಕೊಂಡಾಗಿತ್ತು.

ಮೊದಲು ಆ ‘ನಿಷ್ಕ್ರಿಯ’ ಎಂಬ ಪದದ ಮೇಲೆ ನನಗೆ ಸಿಟ್ಟಿದೆ. ನಿಷ್ಕ್ರಿಯ ಎಂದರೆ ನಮಗೆ ನೆನಪಾಗುವುದು ಬ್ಯಾಂಕ್ ಖಾತೆ. ಅರ್ಜಿ ಕೊಟ್ಟರೆ ಮತ್ತೆ ಚಾಲೂ ಆಗುತ್ತದೆ, ಅಲ್ವಾ? ಮಿದುಳು ಹಾಗಲ್ಲ. ‘ಸತ್ತಿದ್ದಾನೆ’ ಎಂದು ನೇರವಾಗಿ ಹೇಳಲು ನಾಲಿಗೆ ಬಾರದೆ ಎಲ್ಲರೂ ಈ ಪದ ಹಿಡಿದುಕೊಂಡಿದ್ದೇವೆ.

ಕೋಮಾದಲ್ಲಿರುವವರ ಮಿದುಳಿಗೆ ಜೀವ ಇರುತ್ತದೆ. ಕೆಲವರು ಏಳುತ್ತಾರೆ, ಆ ಕಥೆಗಳಲ್ಲಿ ನಿಜ ಇರಬಹುದು. 1959ರಲ್ಲಿ ಫ್ರಾನ್ಸಿನ ಇಬ್ಬರು ವೈದ್ಯರು ನಿಮ್ಮ ತಮ್ಮನ ಸ್ಥಿತಿಯನ್ನು ವಿವರಿಸುವಾಗ ‘ಕೋಮಾದ ಆಚೆಗಿನದು’ ಎಂದೇ ಕರೆದರು. ಅಲ್ಲಿಂದ ಯಾರೂ ವಾಪಸ್ ಬರುವುದಿಲ್ಲ.

ಅದನ್ನು ಸುಮ್ನೆ ನೋಡಿ ಹೇಳಿಬಿಡುವುದಿಲ್ಲ. ಮಂಪರು ಬರಿಸುವ ಔಷಧ ಮೈಯಲ್ಲಿಲ್ಲ, ಮೈ ತೀರಾ ತಣ್ಣಗಾಗಿಲ್ಲ ಎಂದು ಮೊದಲು ಖಾತ್ರಿ ಮಾಡಿಕೊಳ್ಳುತ್ತಾರೆ. ಕಣ್ಣಿಗೆ ಟಾರ್ಚ್ ಬಿಡುತ್ತಾರೆ, ಕಣ್ಣುಗುಡ್ಡೆಗೆ ಹತ್ತಿಯ ಎಳೆ ತಾಗಿಸುತ್ತಾರೆ, ಕಿವಿಗೆ ಐಸ್ ನೀರು ಹಾಕುತ್ತಾರೆ. ಕೊನೆಗೆ ಆಮ್ಲಜನಕ ಕೊಡುತ್ತಲೇ ವೆಂಟಿಲೇಟರ್ ಬಿಡಿಸಿ, ಸಾಮಾನ್ಯವಾಗಿ 8–10 ನಿಮಿಷ, ಎದೆಯನ್ನೇ ನೋಡುತ್ತಾ ನಿಲ್ಲುತ್ತಾರೆ. ನೀವು ಉಸಿರು ಕಟ್ಟಿ ಕೂತು ನೋಡಿ, ಒಂದೆರಡು ನಿಮಿಷದೊಳಗೆ ಎದೆ ತಾನಾಗೇ ಉಸಿರಿಗೆ ಒದ್ದಾಡುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ಮಿದುಳಿನ ಬುಡ ಸುಮ್ಮನಿರುವುದಿಲ್ಲ. ಅಷ್ಟು ಏರಿದರೂ ಎದೆ ಅಲುಗದಿದ್ದರೆ, ಉಸಿರಾಡು ಎನ್ನುವವರು ಒಳಗೆ ಯಾರೂ ಇಲ್ಲ.

ಹಾಗಾದರೆ ಗುಂಡಿಗೆ ಹೇಗೆ ಬಡಿಯುತ್ತಿತ್ತು? ಅದಕ್ಕೆ ಮಿದುಳಿನ ಅಪ್ಪಣೆ ಬೇಡ. ಬಡಿತ ಹುಟ್ಟಿಸುವ ಕೋಶಗಳು ಅದರಲ್ಲೇ ಇವೆ. ಯಂತ್ರ ಗಾಳಿ ತುಂಬುತ್ತಿದ್ದರೆ ಅದು ಕೆಲಕಾಲ ಬಡಿಯುತ್ತದೆ, ರಕ್ತ ಓಡುತ್ತದೆ, ಕೈ ಬೆಚ್ಚಗಿರುತ್ತದೆ. ವೆಂಟಿಲೇಟರ್ ಬರುವ ಮೊದಲು ಈ ಗೊಂದಲವೇ ಇರಲಿಲ್ಲ. ಉಸಿರು ನಿಂತರೆ ಸ್ವಲ್ಪ ಹೊತ್ತಿಗೆ ಗುಂಡಿಗೆಯೂ ನಿಲ್ಲುತ್ತಿತ್ತು.

ಆ ತೋಳಿನ ವಿಷಯ. ನಿಮ್ಮಿಬ್ಬರನ್ನೂ ಜಾಸ್ತಿ ಕಾಡುತ್ತಿರುವುದು ಅದೇ. ಮಂಡಿಯ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಕಾಲು ಜಿಗಿಯುವುದನ್ನು ನೋಡಿದ್ದೀರಲ್ಲ? ಅದು ಬೆನ್ನುಹುರಿಯ ಕೆಲಸ, ಮಿದುಳನ್ನು ಕೇಳಿ ಮಾಡುವುದಲ್ಲ. ಮಿದುಳು ಸತ್ತ ಮೇಲೂ ಬೆನ್ನುಹುರಿಯಲ್ಲಿ ಕೆಲಹೊತ್ತು ಜೀವ ಉಳಿದಿರಬಹುದು. ಹಾಗಾಗಿ ತೋಳುಗಳು ಎದ್ದು ಎದೆಯ ಮೇಲೆ ಬರುವುದೂ ಉಂಟು. ವೈದ್ಯರು ಇದಕ್ಕೆ ‘ಲಾಜರಸ್ ಚಿಹ್ನೆ’ ಎನ್ನುತ್ತಾರೆ. ಹೀಗಾಗಬಹುದು ಎಂದು ನಿಮ್ಮನ್ನು ಪಕ್ಕಕ್ಕೆ ಕರೆದು ಯಾರಾದರೂ ಮೊದಲೇ ಹೇಳಬೇಕಿತ್ತು. ಹೇಳದೆ ಅಮ್ಮನನ್ನು ಹಾಸಿಗೆಯ ಪಕ್ಕ ನಿಲ್ಲಿಸಿದ್ದು ತಪ್ಪು. ಆ ತಪ್ಪು ನಿಮ್ಮದಲ್ಲ.

ಬದುಕಿರುವ ರೋಗಿಯ ಚಿಕಿತ್ಸೆ ನಿಲ್ಲಿಸುವುದೇ ಬೇರೆ, ಅದು ನಿಜಕ್ಕೂ ಕಷ್ಟದ ತೀರ್ಮಾನ. ನಿಮ್ಮ ಮುಂದೆ ಬಂದದ್ದು ಅದಲ್ಲ. ಆಸ್ಪತ್ರೆಯಿಂದ ದಾಖಲೆ ತೆಗೆಸಿಕೊಳ್ಳಿ. ಪರೀಕ್ಷೆಯ ಹೊತ್ತು ಅದರಲ್ಲಿರುತ್ತದೆ. ಸಹಿಯ ಹೊತ್ತಿನ ಪಕ್ಕ ಇಟ್ಟು ನೋಡಿ. ಸಾಧ್ಯವಾದರೆ ಅಮ್ಮನನ್ನು ಕರೆದುಕೊಂಡು ಆ ಡಾಕ್ಟರ ಎದುರು ಅರ್ಧ ಗಂಟೆ ಕೂರಿ. ಇದೇ ಯೋಚನೆಯಲ್ಲಿ ನಿದ್ದೆ ಕೆಡುತ್ತಿದ್ದರೆ ಆಪ್ತಸಮಾಲೋಚಕರನ್ನೂ ಕಾಣಿ, ತಡ ಮಾಡಬೇಡಿ.

ಆದರೆ ನಾನು ಬರೆದ ಇಷ್ಟನ್ನೂ ಇವತ್ತೇ ಅಮ್ಮನಿಗೆ ಓದಿ ಹೇಳಬೇಡಿ. ಅವರ ಅಂಗೈಯಲ್ಲಿ ಇನ್ನೂ ಆ ಬಿಸಿ ಇದೆ. ಮೊದಲು ಅವರು ಕಂಡದ್ದನ್ನು ಹೇಳಲಿ, ಮಧ್ಯೆ ತಿದ್ದಬೇಡಿ. ಮಗನ ಕೈ ಯಾಕೆ ಎದ್ದಿತು ಎಂದು ಅವರು ಕೇಳಿದಾಗ, ‘ಅಮ್ಮಾ, ನನಗೂ ಅದೇ ಅನುಮಾನ ಬಂದಿತ್ತು’ ಎಂದು ಶುರು ಮಾಡಿ.