ಭಯವನ್ನು ಬಾಯಿಬಿಟ್ಟು ಹೇಳಿದರೆ ಅವಿಶ್ವಾಸವೇ?

ಪ್ರಿಯ ಸಹೋದರಿ,

ಕ್ರಿಸ್ತನಲ್ಲಿ ವಂದನೆಗಳು. ಯಜಮಾನರ ಕೆಲಸ ಹೋದಂದಿನಿಂದ ನಿಮಗೆ ನಿದ್ದೆ ಹತ್ತುತ್ತಿಲ್ಲ, ಮನಸ್ಸು ಬರೀ ಕೆಟ್ಟದ್ದನ್ನೇ ಎಣಿಸುತ್ತದೆ ಎಂದು ಬರೆದಿದ್ದೀರಿ. ಪ್ರಾರ್ಥನಾ ಕೂಟದಲ್ಲಿ ಹೇಳಿಕೊಂಡರೆ "ಹಾಗೆಲ್ಲ ಮಾತಾಡಬಾರದು, ಅದು ಅವಿಶ್ವಾಸ" ಎಂದರಂತೆ. ನಿರೀಕ್ಷೆಯಿಂದ ಯೋಚಿಸುವುದನ್ನು ರೂಢಿ ಮಾಡಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ.

ಕೂಟದವರು ಪ್ರೀತಿಯಿಂದಲೇ ಹೇಳಿರಬಹುದು. ಆದರೂ ಆ ಮಾತು ನನಗೆ ಒಪ್ಪಿಗೆಯಿಲ್ಲ.

ಬೈಬಲಿನ ಪ್ರಲಾಪಗಳು ಎಂಬ ಪುಸ್ತಕದ 3ನೇ ಅಧ್ಯಾಯ ತೆಗೆಯಿರಿ. ದೇವರ ಕರುಣೆ ದಿನದಿನವೂ ಹೊಸದು ಎಂಬ ಅಲ್ಲಿನ ವಚನ ನಮ್ಮ ಎಷ್ಟೋ ಮನೆಗಳ ಕ್ಯಾಲೆಂಡರಿನಲ್ಲಿದೆ. ಅದರ ಹಿಂದಿನ ವಚನಗಳನ್ನು ಯಾರೂ ಅಚ್ಚು ಹಾಕಿಸುವುದಿಲ್ಲ! ಬಾಬಿಲೋನಿನವರು ಯೆರೂಸಲೇಮನ್ನು ಹಾಳುಗೆಡವಿದ ಮೇಲಿನ ಗೋಳು ಅದು. ಕೂಗಿಕೊಂಡರೂ ದೇವರು ನನ್ನ ಪ್ರಾರ್ಥನೆಗೆ ಅಡ್ಡಹಾಕಿದ್ದಾನೆ, ಕಲ್ಲು ಕಡಿಸಿ ಹಲ್ಲು ಮುರಿದಿದ್ದಾನೆ ಎನ್ನುತ್ತಾನೆ ಕವಿ. 18ನೇ ವಚನಕ್ಕೆ ಬರುವಷ್ಟರಲ್ಲಿ ಯೆಹೋವನಲ್ಲಿಟ್ಟ ನಿರೀಕ್ಷೆಯೂ ಹೋಯಿತು ಎಂದುಬಿಡುತ್ತಾನೆ. ಇಷ್ಟೆಲ್ಲ ಹೇಳಿಕೊಂಡ ಮೇಲೆಯೇ 21ರಲ್ಲಿ ಒಂದು ಸಂಗತಿಯನ್ನು ಬೇಕೆಂದೇ ನೆನಪಿಗೆ ತಂದುಕೊಳ್ಳುತ್ತಾನೆ, ಕರುಣೆಯ ಮಾತು ಆಗ ಬರುತ್ತದೆ. ಅಷ್ಟಕ್ಕೇ ಅಳು ನಿಂತಿತೇ? ಇಲ್ಲ, 49ರಲ್ಲಿ ಮತ್ತೆ ಕಣ್ಣೀರು.

ನೀವು ಕೇಳಿದ ರೂಢಿ ಇದೇ. ಮೊದಲು ಭಯವನ್ನು ಇದ್ದದ್ದು ಇದ್ದಂತೆ ದೇವರಿಗೆ ಹೇಳುವುದು, ಆಮೇಲೆ ಆತನು ಹಿಂದೆ ನಡೆಸಿದ್ದನ್ನು ಬಲವಂತವಾಗಿಯಾದರೂ ನೆನೆಯುವುದು. ನಾಳೆ ಮತ್ತೆ ಮೊದಲಿನಿಂದ. 42 ಮತ್ತು 43ನೇ ಕೀರ್ತನೆಗಳಲ್ಲಿ "ನನ್ನ ಮನವೇ, ಯಾಕೆ ಕುಗ್ಗಿಹೋಗಿದ್ದೀ" ಎಂಬ ಪ್ರಶ್ನೆ ಮೂರು ಸಲ ಬರುತ್ತದೆ. ಒಂದೇ ಸಲಕ್ಕೆ ಮನಸ್ಸು ಕೇಳಿದ್ದರೆ ಇನ್ನೆರಡು ಸಲ ಬೇಕಿರಲಿಲ್ಲ. ಇನ್ನು 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದೂ ಪ್ರಾರ್ಥನೆಯೇ.

ಒಳ್ಳೆಯದನ್ನೇ ಯೋಚಿಸಿ ಎಂದು ಅಪೊಸ್ತಲ ಪೌಲನು ಹೇಳಿಲ್ಲವೇ ಎನ್ನಬಹುದು. ಹೇಳಿದ್ದಾನೆ, ಅದೂ ಸೆರೆಯಲ್ಲಿದ್ದುಕೊಂಡು. ಫಿಲಿಪ್ಪಿಯ ಸಭೆಗೆ ಅವನು ಬರೆದ ಪತ್ರದ 4:8ರ ಪಟ್ಟಿಯಲ್ಲಿ ಮೊದಲಿರುವುದು ಸತ್ಯವಾದದ್ದು. ಕೆಲಸ ಹೋಗಿರುವುದು ಸತ್ಯ, ಹೇಳಿ. ಮನೆ ಬೀದಿಗೆ ಬಂತು ಎಂದು ರಾತ್ರಿ ಎರಡು ಗಂಟೆಗೆ ಮನಸ್ಸು ಹೇಳುವುದು ಇನ್ನೂ ನಡೆದಿಲ್ಲ, ಅದನ್ನು ನಂಬಬೇಡಿ.

ನಿದ್ದೆಯ ವಿಚಾರ ಹಗುರವಾಗಿ ಬಿಡಬೇಡಿ. ಸಾವನ್ನೇ ಬೇಡಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ, ಎಬ್ಬಿಸಿ ರೊಟ್ಟಿ ತಿನ್ನಿಸಿದ, ಮತ್ತೆ ಮಲಗಲು ಬಿಟ್ಟ. ವೈದ್ಯರನ್ನು ಕಾಣಿ, ಅದರಿಂದ ವಿಶ್ವಾಸಕ್ಕೆ ಕುಂದಿಲ್ಲ. ಸಭಾಪಾಲಕರ ಬಳಿಗೂ ಹೋಗಿ, ಯಜಮಾನರನ್ನೂ ಕರೆದುಕೊಂಡು. ಕೆಲಸ ಕಳೆದುಕೊಂಡವರು ಅವರು. ಎರಡು ಪುಟದ ನಿಮ್ಮ ಪತ್ರದಲ್ಲಿ ಅವರು ಏನನ್ನುತ್ತಾರೆ ಎಂಬುದು ಎಲ್ಲೂ ಇಲ್ಲ.

— ಸಂ.