ಆ್ಯಡ್‌ಆನ್ ನಮ್ಮದು, ಬೀಗದಕೈ ಯಾರ ಹತ್ತಿರ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತಾಪತ್ರಯದ್ದು. ಲೆಕ್ಕದ ಸಾಫ್ಟ್‌ವೇರ್ ಕೊಂಡದ್ದು ಒಬ್ಬರಿಂದ, ಅದಕ್ಕೆ ಸೇರಿಸಿಕೊಂಡ ಆ್ಯಡ್‌ಆನ್ ಇನ್ನೊಬ್ಬರಿಂದ. ಕೆಟ್ಟಾಗ ಇಬ್ಬರೂ ಕೈ ತೊಳೆದುಕೊಳ್ಳುತ್ತಾರೆ.

ಪ್ರಶ್ನೆ: ನಮ್ಮದು ಬಟ್ಟೆಯ ಹೋಲ್‌ಸೇಲ್ ವ್ಯಾಪಾರ. ಟ್ಯಾಲಿ ಇಆರ್‌ಪಿ 9ರಲ್ಲಿ ಮೂರು ಟಿಡಿಎಲ್ (ಟ್ಯಾಲಿಗೆ ಹೊಸ ಸೌಲಭ್ಯ ಸೇರಿಸುವ ಸಣ್ಣ ಪ್ರೋಗ್ರಾಂ) ಹಾಕಿಸಿದ್ದೆವು: ಬಿಲ್ಲಿನಲ್ಲಿ ಲಾರಿ ನಂಬರ್, ದಲ್ಲಾಳಿ ಹೆಸರು, ಬೇಲ್ ಲೆಕ್ಕ. ಅದರ ಹೊಸ ಆವೃತ್ತಿ ಟ್ಯಾಲಿಪ್ರೈಮ್‌ಗೆ ಬದಲಾಯಿಸಿದ ಮೇಲೆ ಒಂದೂ ಕಾಣುತ್ತಿಲ್ಲ. ಮಾಡಿಕೊಟ್ಟವರು ಫೋನ್ ಎತ್ತುತ್ತಿಲ್ಲ. ಹಳೆಯ ವಿವರವೆಲ್ಲ ಹೋಯಿತೇ?
— ಓದುಗರು, ದಾವಣಗೆರೆ

ಉತ್ತರ: ಹೋಗಿಲ್ಲ. ಟಿಡಿಎಲ್ ಮೂಲಕ ತುಂಬಿಸಿದ ವಿವರ ಡೇಟಾದೊಳಗೇ ಉಳಿದಿರುತ್ತದೆ. ಅದನ್ನು ತೋರಿಸುವ ಟಿಡಿಎಲ್ ಓಡುತ್ತಿಲ್ಲವಾದ್ದರಿಂದ ಕಾಣುತ್ತಿಲ್ಲ, ಅಷ್ಟೆ. ಆದ್ದರಿಂದ ಗಾಬರಿಯಲ್ಲಿ ಹಳೆಯ ಬಿಲ್ಲುಗಳನ್ನು ತೆರೆದು ಮತ್ತೆ ಟೈಪ್ ಮಾಡಿಸಬೇಡಿ. ಹಳೆಯ ಇಆರ್‌ಪಿ 9 ಇರುವ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಬೇಡಿ. ಈಗ ನಿಮ್ಮ ಹತ್ತಿರ ಉಳಿದಿರುವ ಒಂದೇ ಸಾಕ್ಷಿ ಅದು.

ಮೊದಲು ಡೇಟಾ ಫೋಲ್ಡರ್‌ನ ಪೂರ್ತಿ ನಕಲು ತೆಗೆದು ಬೇರೆ ಡಿಸ್ಕ್‌ನಲ್ಲಿಡಿ. ಆಮೇಲೆ ಪ್ರೈಮ್‌ನಲ್ಲಿ ಎಫ್1 ಒತ್ತಿ 'ಟಿಡಿಎಲ್ ಆ್ಯಂಡ್ ಆ್ಯಡ್‌ಆನ್' ತೆರೆಯಿರಿ. ಅಲ್ಲಿನ ಪಟ್ಟಿ ಖಾಲಿ ಇದ್ದರೆ ತೊಂದರೆ ಸಣ್ಣದಿರಬಹುದು. ಪ್ರೈಮನ್ನು ಹೊಸ ಫೋಲ್ಡರಿನಲ್ಲಿ ಹಾಕಿದಾಗ ಹಳೆಯ ಟ್ಯಾಲಿ ಡಾಟ್ ಐಎನ್‌ಐ ಎಂಬ ಸೆಟ್ಟಿಂಗ್ ಫೈಲಿನಲ್ಲಿದ್ದ ಟಿಡಿಎಲ್ ದಾರಿಗಳು ತಾವಾಗಿ ಅಲ್ಲಿಗೆ ಬರುವುದಿಲ್ಲ. ಎಫ್4 ಒತ್ತಿ 'ಮ್ಯಾನೇಜ್ ಲೋಕಲ್ ಟಿಡಿಎಲ್ಸ್'ಗೆ ಹೋಗಿ, ಶುರುವಿನಲ್ಲೇ ಲೋಡ್ ಮಾಡುವ ಆಯ್ಕೆಯನ್ನು 'ಯೆಸ್' ಮಾಡಿ, ಫೈಲ್ ಇರುವ ದಾರಿ ಕೊಡಿ. ಮೂರನ್ನೂ ಒಟ್ಟಿಗೆ ಹಾಕಬೇಡಿ. ಒಂದು ಹಾಕಿ, ಟ್ಯಾಲಿ ಮುಚ್ಚಿ ತೆರೆದು, ಒಂದು ಬಿಲ್ ನೋಡಿ, ನಂತರ ಎರಡನೆಯದು.

ಪಟ್ಟಿಯಲ್ಲಿದ್ದೂ ದೋಷ ತೋರಿಸಿದರೆ ಕಾರಣ ಎರಡಿರಬಹುದು. ಇಆರ್‌ಪಿ 9ರ ಪರದೆಗಳಿಗೆಂದು ಬರೆದ ಟಿಡಿಎಲ್ ಪ್ರೈಮ್‌ನ ಬದಲಾದ ಪರದೆಗಳಿಗೆ ಹೊಂದುತ್ತಿಲ್ಲ. ಇಲ್ಲವೇ ನಿಮಗೆ ಕೊಟ್ಟ ಟಿಸಿಪಿ ಫೈಲನ್ನು ಒಂದು ನಿರ್ದಿಷ್ಟ ಸೀರಿಯಲ್ ನಂಬರ್‌ಗೆ ಕಟ್ಟಿದ್ದಾರೆ, ಈಗಿನ ಲೈಸೆನ್ಸ್ ಬೇರೆ. ಟಿಸಿಪಿ ಎಂದರೆ ಕಂಪೈಲ್ ಮಾಡಿದ, ಅಂದರೆ ಯಂತ್ರ ಮಾತ್ರ ಓದಬಲ್ಲ ರೂಪಕ್ಕೆ ತಿರುಗಿಸಿದ ಫೈಲ್. ಅದನ್ನು ಬಿಚ್ಚಿ ತಿದ್ದಲು ಬರುವುದಿಲ್ಲ, ತಿದ್ದಬೇಕಾದರೆ ಮೂಲ ಟಿಡಿಎಲ್ ಪಠ್ಯವೇ ಬೇಕು. ಅದು ನಿಮ್ಮ ಹತ್ತಿರ ಇದ್ದಂತಿಲ್ಲ.

ಹಾಗಿದ್ದರೂ ಹೊಸಬರಿಂದ ಮತ್ತೆ ಬರೆಸಬಹುದು, ಹಳೆಯ ವಿವರವೂ ಮರಳಿ ಕಾಣುತ್ತದೆ, ಒಂದು ಷರತ್ತಿನ ಮೇಲೆ. ಟಿಡಿಎಲ್ ಸೇರಿಸುವ ಪ್ರತಿ ಹೊಸ ಅಂಕಣವೂ, ಅಂದರೆ ಯುಡಿಎಫ್, ಡೇಟಾದಲ್ಲಿ ಕೂರುವುದು ಹೆಸರಿನಿಂದಲ್ಲ, ಒಂದು ಸಂಖ್ಯೆ ಮತ್ತು ಒಂದು ಬಗೆಯಿಂದ (ಅಕ್ಷರ, ಮೊತ್ತ, ದಿನಾಂಕ ಹೀಗೆ). ಹೊಸ ಟಿಡಿಎಲ್ ಅದೇ ಸಂಖ್ಯೆ, ಅದೇ ಬಗೆ ಬಳಸಿದರೆ ಮಾತ್ರ ಹಳೆಯ ಲಾರಿ ನಂಬರ್ ಕಾಣುತ್ತದೆ. ಸಂಖ್ಯೆ ತಿಳಿಯಲು ಇಆರ್‌ಪಿ 9 ಇನ್ನೂ ಓಡುವ ಕಂಪ್ಯೂಟರಿನಲ್ಲಿ, ಮೂರೂ ಟಿಡಿಎಲ್ ಚಾಲೂ ಇರುವಾಗ, ಎಲ್ಲ ಅಂಕಣ ತುಂಬಿದ ಒಂದು ಬಿಲ್ಲನ್ನು ಎಕ್ಸ್‌ಎಂಎಲ್ ಆಗಿ ಎಕ್ಸ್‌ಪೋರ್ಟ್ ಮಾಡಿ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಪ್ರತಿ ಯುಡಿಎಫ್ ಪಕ್ಕದಲ್ಲಿ 'ಟೈಪ್' ಮತ್ತು 'ಇಂಡೆಕ್ಸ್' ಎಂದು ಎರಡೂ ಇರುತ್ತವೆ. ಬರೆದಿಟ್ಟುಕೊಂಡು ಹೊಸಬರ ಕೈಗೆ ಕೊಡಿ.

ಈ ಸಂಖ್ಯೆಯ ಇನ್ನೊಂದು ಕಾಟವೂ ಇದೆ. ಬೇರೆಬೇರೆಯವರಿಂದ ಬರೆಸಿದ ಎರಡು ಟಿಡಿಎಲ್ ಒಂದೇ ಸಂಖ್ಯೆ, ಒಂದೇ ಬಗೆ ಬಳಸಿಕೊಂಡರೆ ಲಾರಿ ನಂಬರಿನ ಜಾಗದಲ್ಲಿ ದಲ್ಲಾಳಿ ಹೆಸರು ಬಂದು ಕೂರುತ್ತದೆ. ವೈರಸ್ ಎಂದು ಹೆದರುವವರಿದ್ದಾರೆ. ವೈರಸ್ ಅಲ್ಲ, ಇಬ್ಬರು ಮಾತಾಡಿಕೊಳ್ಳದೆ ಒಂದೇ ಗೂಟಕ್ಕೆ ಎರಡು ಹಸು ಕಟ್ಟಿದ್ದಾರೆ.

ಹೊಸದನ್ನು ಪರೀಕ್ಷಿಸುವುದು ಬೇರೆ ಕಂಪ್ಯೂಟರಿನಲ್ಲಿ, ಡೇಟಾದ ನಕಲಿನ ಮೇಲೆ. ಲೈಸೆನ್ಸ್ ಇಲ್ಲದಿದ್ದರೂ ಟ್ಯಾಲಿ ಎಜುಕೇಶನಲ್ ಮೋಡ್‌ನಲ್ಲಿ ಓಡುತ್ತದೆ. ಅಲ್ಲಿ ತಿಂಗಳ 1, 2ರಂಥ ಕೆಲವೇ ತಾರೀಖುಗಳಿಗೆ ವೋಚರ್ ಹಾಕಬಹುದು, ಪರೀಕ್ಷೆಗೆ ಅಷ್ಟು ಸಾಕು. ಸೀರಿಯಲ್ ನಂಬರ್‌ಗೆ ಕಟ್ಟಿದ ಟಿಸಿಪಿ ಮಾತ್ರ ಅಲ್ಲಿ ಓಡದು.

ಪ್ರಶ್ನೆ: ಪೀಣ್ಯದಲ್ಲಿ ನಮ್ಮ ಮಷಿನ್ ಶಾಪ್ ಇದೆ. ಜಾಬ್‌ವರ್ಕ್ ಲೆಕ್ಕಕ್ಕೆ ದುಡ್ಡು ಕೊಟ್ಟು ಟಿಡಿಎಲ್ ಬರೆಸಿದೆವು. ಅದೇ ಟಿಡಿಎಲ್‌ಅನ್ನು ಈಗ ಪಕ್ಕದ ಗಲ್ಲಿಯವರಿಗೂ ಮಾರಿದ್ದಾರೆ. ದುಡ್ಡು ನಮ್ಮದಾದ ಮೇಲೆ ಹಕ್ಕೂ ನಮ್ಮದಲ್ಲವೇ?
— ಓದುಗರು, ಬೆಂಗಳೂರು

ಉತ್ತರ: ಬರಹದಲ್ಲಿ ಹಾಗೆಂದು ಒಪ್ಪಂದ ಇಲ್ಲದಿದ್ದರೆ, ಅಲ್ಲ. ಕೃತಿಸ್ವಾಮ್ಯ ಕಾಯ್ದೆ 1957ರ 17ನೇ ಸೆಕ್ಷನ್ ಪ್ರಕಾರ ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದ ಪ್ರೋಗ್ರಾಂ ಮಾಲೀಕರಿಗೆ ಸೇರುತ್ತದೆ. ಹೊರಗಿನವರು ಗುತ್ತಿಗೆಯ ಮೇಲೆ ಬರೆದದ್ದು ಬರೆದವರ ಬಳಿಯೇ ಉಳಿಯುತ್ತದೆ. ನೀವು ಕೊಟ್ಟದ್ದು ಬಳಸುವ ಹಕ್ಕಿನ ಬೆಲೆ. ಹಕ್ಕನ್ನೇ ಪಡೆಯಬೇಕಾದರೆ 19ನೇ ಸೆಕ್ಷನ್ ಕೇಳುವಂತೆ ಸಹಿ ಇರುವ ಬರಹ ಬೇಕು. ಅದರಲ್ಲೂ ಒಂದು ಕುಣಿಕೆಯಿದೆ: ಅವಧಿ ಬರೆಯದಿದ್ದರೆ 5 ವರ್ಷ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾನೂನು ಲೆಕ್ಕ ಹಾಕುತ್ತದೆ. 'ಎಲ್ಲ ಹಕ್ಕು ವರ್ಗಾಯಿಸಿದೆ' ಎಂಬ ಒಂದು ಸಾಲು ಸಾಲದು. ಯಾವ ಪ್ರೋಗ್ರಾಂ, ಎಷ್ಟು ಕಾಲ, ಎಲ್ಲೆಲ್ಲಿ, ಎಷ್ಟು ಹಣಕ್ಕೆ ಎಂದು ಬಿಡಿಸಿ ಬರೆಸಿ.

ಆದರೆ ಪೂರ್ತಿ ಹಕ್ಕಿಗೆ ಹಟ ಹಿಡಿಯುವುದು ಜಾಣತನವಲ್ಲ ಎಂಬುದು ನಮ್ಮ ಅನಿಸಿಕೆ. ಬೆಲೆ ಏರುತ್ತದೆ, ಪಕ್ಕದ ಗಲ್ಲಿಯವರು ಬೇರೊಬ್ಬರಿಂದ ಅಂಥದ್ದನ್ನೇ ಬರೆಸಿಕೊಳ್ಳುತ್ತಾರೆ. ನಿಮಗೆ ನಿಜವಾಗಿ ಬೇಕಾದದ್ದು ಮೂಲ ಪಠ್ಯದ ಪ್ರತಿ, ಅದನ್ನು ಬೇರೆಯವರಿಂದ ತಿದ್ದಿಸಿಕೊಳ್ಳುವ ಅನುಮತಿ, ನಿಮ್ಮ ದರಪಟ್ಟಿ ಮತ್ತು ಗಿರಾಕಿಗಳ ವಿವರ ಹೊರಗೆ ಹೋಗದು ಎಂಬ ಖಾತರಿ. ವರ್ಕ್ ಆರ್ಡರ್‌ನಲ್ಲಿ ಇವನ್ನು ಬರೆಸಿ. ಯುಡಿಎಫ್ ಸಂಖ್ಯೆಗಳ ಪಟ್ಟಿ, ಟಿಡಿಎಲ್ ಯಾವ ಯಾವ ಅಂತರ್ಜಾಲ ವಿಳಾಸಗಳ ಜೊತೆ ಮಾತಾಡುತ್ತದೆ ಎಂಬ ಪಟ್ಟಿ, ಪ್ರೈಮ್‌ನ ಯಾವ ರಿಲೀಸ್‌ನಲ್ಲಿ ಪರೀಕ್ಷಿಸಿದ್ದು, ಇವೂ ಅದರಲ್ಲೇ ಇರಲಿ. ಕೊನೆಯ ಕಂತನ್ನು ಹಿಡಿದಿಟ್ಟುಕೊಳ್ಳಿ. ಮೂಲ ಪಠ್ಯ ಕೈಗೆ ಬಂದ ದಿನ ಟಿಸಿಪಿಯನ್ನು ಪಟ್ಟಿಯಿಂದ ತೆಗೆದು, ಆ ಪಠ್ಯದ ಫೈಲನ್ನೇ ನೇರವಾಗಿ ಲೋಡ್ ಮಾಡಿ. ಟ್ಯಾಲಿ ಸಾದಾ ಪಠ್ಯವನ್ನೂ ಓದುತ್ತದೆ. ಎಲ್ಲ ಅಂಕಣಗಳೂ ಬಂದರೆ ಕೊಟ್ಟದ್ದು ನಿಜವಾದ ಮೂಲ. ಬರದಿದ್ದರೆ ಕಂತು ಕೊಡಬೇಡಿ.

ವಿಳಾಸಗಳ ಪಟ್ಟಿ ಯಾಕೆ ಎಂದರೆ, ಟಿಡಿಎಲ್ ಬರೀ ಬಿಲ್ಲಿನ ಅಲಂಕಾರವಲ್ಲ. ಅದು ಡೇಟಾವನ್ನು ಹೊರಗಿನ ಸರ್ವರ್‌ಗೆ ಕಳಿಸಬಲ್ಲದು, ಡಿಎಲ್‌ಎಲ್ (ವಿಂಡೋಸ್‌ನ ಪ್ರೋಗ್ರಾಂ ತುಣುಕು) ಕರೆಯಬಲ್ಲದು, ಬೇರೆ ಪ್ರೋಗ್ರಾಂ ಓಡಿಸಬಲ್ಲದು. ಟಿಡಿಎಲ್ ಫೈಲುಗಳಿರುವ ಫೋಲ್ಡರ್‌ಗೆ ಸಿಬ್ಬಂದಿಯ ವಿಂಡೋಸ್ ಲಾಗಿನ್‌ನಿಂದ ಓದುವ ಅನುಮತಿ ಮಾತ್ರ ಇರಲಿ. ಡೆಸ್ಕ್‌ಟಾಪ್ ಮೇಲೋ ಪೆನ್‌ಡ್ರೈವ್‌ನಲ್ಲೋ ಇಟ್ಟು ಓಡಿಸುವುದು ಬೇಡ. ಟ್ಯಾಲಿ ಡಾಟ್ ಐಎನ್‌ಐ ಫೈಲಿನ ಒಂದು ನಕಲು ತೆಗೆದಿಟ್ಟು ತಿಂಗಳಿಗೊಮ್ಮೆ ಹೋಲಿಸಿ ನೋಡಿ. ಹೊಸ ಟಿಡಿಎಲ್ ನುಸುಳಲು ಅದರಲ್ಲಿ ಒಂದು ಸಾಲು ಸಾಕು.

ಪ್ರಶ್ನೆ: ನಾನು ಕೊಂಡ ಟಿಸಿಪಿಯನ್ನು ತಮ್ಮನ ಅಂಗಡಿಯಲ್ಲೂ ಹಾಕಬಹುದೇ?
— ಓದುಗರು, ಗದಗ

ಉತ್ತರ: ಲೈಸೆನ್ಸ್ ಒಂದು ಸೀರಿಯಲ್ ನಂಬರ್‌ಗೆ ಎಂದಿದ್ದರೆ ಹಾಕುವಂತಿಲ್ಲ. ಅಣ್ಣತಮ್ಮಂದಿರಾದರೂ ಜಿಎಸ್‌ಟಿ ನಂಬರ್ ಬೇರೆ, ವ್ಯಾಪಾರ ಬೇರೆ. ಅನಧಿಕೃತ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರ್ ಪ್ರೋಗ್ರಾಂ ಬಳಸಿದರೆ ಅದೇ ಕಾಯ್ದೆಯ 63ಬಿ ಸೆಕ್ಷನ್ ಪ್ರಕಾರ 7 ದಿನದಿಂದ 3 ವರ್ಷದವರೆಗೆ ಸೆರೆ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ಎರಡನೇ ಪ್ರತಿಗೆ ಅರ್ಧ ಬೆಲೆ ಕೇಳಿ ನೋಡಿ, ಕೊಡುವವರೇ ಹೆಚ್ಚು.

ಪ್ರಶ್ನೆ: ಮೊಬೈಲಿನಲ್ಲಿ ಬಾಕಿ ಪಟ್ಟಿ ನೋಡುವ ಆ್ಯಪ್ ಹಾಕಲು ಬಂದವರು ರೌಟರ್‌ನಲ್ಲಿ 9000 ಪೋರ್ಟ್ ತೆರೆದು ಹೋಗಿದ್ದಾರೆ. ಪರವಾಗಿಲ್ಲವೇ?
— ಓದುಗರು, ತುಮಕೂರು

ಉತ್ತರ: ಇವತ್ತೇ ಮುಚ್ಚಿಸಿ. ಟ್ಯಾಲಿ ಸರ್ವರ್‌ನಂತೆ ಓಡುವಾಗ ಬೇರೆ ಪ್ರೋಗ್ರಾಂಗಳ ಜೊತೆ ಎಕ್ಸ್‌ಎಂಎಲ್‌ನಲ್ಲಿ ಮಾತಾಡುವುದು ಸಾಮಾನ್ಯವಾಗಿ ಇದೇ ಪೋರ್ಟಿನಲ್ಲಿ. ಅದು ಕಚೇರಿಯ ಒಳಗಿನ ಬಳಕೆಗೆಂದು ಇರುವ ಬಾಗಿಲು. ಕಂಪನಿ ತೆರೆದಿದ್ದರೆ, ಕೇಳಿದವರಿಗೆ ಲೆಡ್ಜರ್ ಕೊಡುತ್ತದೆ, ಕೊಟ್ಟವರ ವೋಚರ್ ತೆಗೆದುಕೊಳ್ಳುತ್ತದೆ. ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನವರನ್ನು ಈ ಬಾಗಿಲಿಗೆ ಕಳಿಸುವ ಸೆಟ್ಟಿಂಗ್) ತೆಗೆಯಿರಿ. ಯಾವ ಆ್ಯಪಿಗೂ ಬೇಡವಾಗಿದ್ದರೆ ಎಫ್1, ಸೆಟ್ಟಿಂಗ್ಸ್, ಕನೆಕ್ಟಿವಿಟಿಯಲ್ಲಿ ಟ್ಯಾಲಿಯನ್ನು ಸರ್ವರ್ ಆಗದಂತೆ 'ನನ್' (None) ಮಾಡಿ. ಹೊರಗಿನಿಂದ ನೋಡಲೇಬೇಕಾದರೆ ವಿಪಿಎನ್ (ಕಚೇರಿಯ ಜಾಲಕ್ಕೆ ಸುರಕ್ಷಿತ ಖಾಸಗಿ ಸಂಪರ್ಕ) ಮೂಲಕ ನೋಡಿ.

ಪ್ರಶ್ನೆ: ಕಾಫಿಪುಡಿ ಮಾರುವ ನಮ್ಮ ವೆಬ್‌ಸೈಟ್ ವರ್ಡ್‌ಪ್ರೆಸ್‌ನಲ್ಲಿದೆ. ವರ್ಷಕ್ಕೆ ಸಾವಿರಾರು ರೂಪಾಯಿಯ ವೂಕಾಮರ್ಸ್ (ಸೈಟ್‌ನಲ್ಲಿ ಅಂಗಡಿ ನಡೆಸುವ ಸೌಲಭ್ಯ) ಪ್ಲಗಿನ್ ಒಂದು ಕಡೆ 300 ರೂಪಾಯಿಗೆ ಸಿಕ್ಕಿತು. 'ಜಿಪಿಎಲ್, ಪೂರ್ತಿ ಕಾನೂನುಬದ್ಧ' ಎಂದು ಬರೆದಿದ್ದಾರೆ. ನಿಜವೇ?
— ಓದುಗರು, ಚಿಕ್ಕಮಗಳೂರು

ಉತ್ತರ: ಅರ್ಧ ನಿಜ, ಅದಕ್ಕೇ ಜನ ಮೋಸ ಹೋಗುವುದು. ವರ್ಡ್‌ಪ್ರೆಸ್ ಇರುವುದು ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್‌ನಲ್ಲಿ, ಅದರ ಅನೇಕ ಪ್ಲಗಿನ್‌ಗಳೂ ಹಾಗೇ. ಅಂಥ ಪ್ಲಗಿನ್ನಿನ ನಕಲನ್ನು ಹಂಚುವುದಕ್ಕೆ, ಮಾರುವುದಕ್ಕೆ ಆ ಲೈಸೆನ್ಸೇ ಅವಕಾಶ ಕೊಡುತ್ತದೆ. ಆದರೆ ಸಾವಿರಾರು ರೂಪಾಯಿ ಕೊಡುವುದು ಅಪ್‌ಡೇಟ್‌ಗೆ ಮತ್ತು ಸಹಾಯಕ್ಕೆ. 300 ರೂಪಾಯಿಯ ಪ್ರತಿಯಲ್ಲಿ ಅವೆರಡೂ ಇಲ್ಲ. ಜೊತೆಗೆ, ಲೈಸೆನ್ಸ್ ತಪಾಸಣೆಯನ್ನು ಕಿತ್ತುಹಾಕಲು ಒಳಗೆ ಕೈ ಹಾಕಿದವರು ಇನ್ನೇನು ಸೇರಿಸಿದ್ದಾರೋ ಹೇಳುವವರಿಲ್ಲ. ಹೀಗೆ ತಪಾಸಣೆ ಕಿತ್ತ ಥೀಮ್, ಪ್ಲಗಿನ್‌ಗಳ ಬೆನ್ನೇರಿಯೇ ಡಬ್ಲ್ಯುಪಿ-ವಿಸಿಡಿ ಎಂಬ ಮಾಲ್‌ವೇರ್ ಹಾವಳಿ ಹಬ್ಬಿತು. ಒಂದು ಸೈಟ್‌ಗೆ ಹೊಕ್ಕರೆ ಅದೇ ಹೋಸ್ಟಿಂಗ್‌ನ ಉಳಿದ ಸೈಟ್‌ಗಳಿಗೂ ಹರಡುತ್ತಿತ್ತು. ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ.

ಈಗಾಗಲೇ ಹಾಕಿದ್ದರೆ, ತೆಗೆದುಹಾಕಿದರಷ್ಟೇ ಸಾಲದು. ಯೂಸರ್ಸ್ ಪಟ್ಟಿಯಲ್ಲಿ ಗುರುತಿಲ್ಲದ ಅಡ್ಮಿನ್ ಇದ್ದಾರೆಯೇ ನೋಡಿ. ಡಬ್ಲ್ಯುಪಿ-ಸಿಎಲ್‌ಐ (ಆಜ್ಞೆ ಟೈಪ್ ಮಾಡಿ ವರ್ಡ್‌ಪ್ರೆಸ್ ನಿರ್ವಹಿಸುವ ಸಾಧನ) ಇದ್ದರೆ ಅದರ ಚೆಕ್‌ಸಮ್ ಆಜ್ಞೆಯಿಂದ ವರ್ಡ್‌ಪ್ರೆಸ್‌ನ ಮೂಲ ಫೈಲುಗಳನ್ನೂ ಅಧಿಕೃತ ಭಂಡಾರದ ಉಚಿತ ಪ್ಲಗಿನ್‌ಗಳನ್ನೂ ತಾಳೆ ನೋಡಬಹುದು. ಹಣ ಕೊಟ್ಟು ಕೊಂಡ ಪ್ಲಗಿನ್‌ಗಳಿಗೆ ಇದು ನಡೆಯದು, ಅವನ್ನು ಅಳಿಸಿ ಮಾರಾಟಗಾರರಿಂದಲೇ ಮತ್ತೆ ಇಳಿಸಿಕೊಳ್ಳಬೇಕು. ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿ ಚಿತ್ರಗಳ ನಡುವೆ ಪಿಎಚ್‌ಪಿ ಫೈಲ್ ಕಂಡರೆ ಅನುಮಾನಿಸಿ. ಡೇಟಾಬೇಸ್, ಹೋಸ್ಟಿಂಗ್, ಅಡ್ಮಿನ್ ಪಾಸ್‌ವರ್ಡ್‌ಗಳ ಜೊತೆ ಪೇಮೆಂಟ್ ಗೇಟ್‌ವೇಯ ಕೀಗಳನ್ನೂ ಬದಲಾಯಿಸಿ. ಈ ಕೊನೆಯದನ್ನು ಮರೆಯುವವರೇ ಬಹಳ. ಸೈಟ್‌ಗೆ ಯಾರೋ ನುಗ್ಗಿದ್ದು ಖಚಿತವಾದರೆ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಗಮನಕ್ಕೆ ಬಂದ 6 ಗಂಟೆಯೊಳಗೆ ಆ ಸಂಸ್ಥೆಗೆ ವರದಿ ಮಾಡಬೇಕು.

ಪ್ರಶ್ನೆ: ಗೇರುಬೀಜ ಕಾರ್ಖಾನೆಗೆ ಓಡೂ ಕಮ್ಯುನಿಟಿ ಎಂಬ ಉಚಿತ ವ್ಯಾಪಾರ ನಿರ್ವಹಣೆಯ ಸಾಫ್ಟ್‌ವೇರ್ ಬಳಸುತ್ತಿದ್ದೇವೆ. ಮಾಡ್ಯೂಲ್‌ಗಳ ಲೈಸೆನ್ಸ್ ಬೇರೆಬೇರೆ ಇವೆ. ತೊಂದರೆ ಇದೆಯೇ?
— ಓದುಗರು, ಮಂಗಳೂರು

ಉತ್ತರ: ಪ್ರತಿ ಮಾಡ್ಯೂಲ್ ಫೋಲ್ಡರ್‌ನಲ್ಲಿರುವ ಮ್ಯಾನಿಫೆಸ್ಟ್ ಫೈಲಿನ 'ಲೈಸೆನ್ಸ್' ಸಾಲು ನೋಡಿ ಒಂದು ಪಟ್ಟಿ ಮಾಡಿ. ಎಲ್‌ಜಿಪಿಎಲ್-3 ಎಂದಿದ್ದರೆ ನಿಮ್ಮ ಬಳಕೆಗೆ ತೊಡಕಿಲ್ಲ. ಒಪಿಎಲ್-1 ಎಂದಿದ್ದರೆ ಅದು ಕೊಂಡವರಿಗೆ ಮಾತ್ರ: ನಿಮ್ಮ ಬಳಕೆಗೆ ತಿದ್ದಿಕೊಳ್ಳಬಹುದು, ಬೇರೆಯವರಿಗೆ ಕೊಡುವಂತಿಲ್ಲ. ಆದ್ದರಿಂದ ಖರೀದಿ ರಸೀದಿ ನಿಮ್ಮ ಕಂಪನಿಯ ಹೆಸರಿನಲ್ಲಿರಲಿ, ಹಾಕಿಕೊಟ್ಟ ಡೆವಲಪರ್ ಹೆಸರಿನಲ್ಲಿ ಬೇಡ. ಎಜಿಪಿಎಲ್-3 ಮಾಡ್ಯೂಲನ್ನು ನೀವು ತಿದ್ದಿ, ಹೊರಗಿನ ಡೀಲರ್‌ಗಳಿಗೂ ಲಾಗಿನ್ ಕೊಟ್ಟರೆ, ತಿದ್ದಿದ ಮೂಲವನ್ನು ಅವರಿಗೆ ಸಿಗುವಂತೆ ಮಾಡಬೇಕಾಗುತ್ತದೆ. ಹಾಗಾಗಿ ದರ, ರಿಯಾಯಿತಿಯ ಗುಟ್ಟಿನ ಸೂತ್ರಗಳನ್ನು ಕೋಡ್‌ನಲ್ಲಿ ಬರೆಸಬೇಡಿ, ಡೇಟಾದಲ್ಲಿ ಇಡಿ.

ಕೋಡ್ ಓದಬಲ್ಲವರಿದ್ದರೆ 'ಸುಡೋ' ಎಂದು ಹುಡುಕಿಸಿ. ಅದು ಬಳಕೆದಾರರ ಅನುಮತಿಯನ್ನು ಬದಿಗಿಟ್ಟು ಓಡುವ ಜಾಗ. ಲಾಗಿನ್ ಇಲ್ಲದೆ ತೆರೆಯುವ ಪುಟಗಳಲ್ಲಿ ಅದು ಸಿಕ್ಕರೆ ಯಾಕೆಂದು ಬರಹದಲ್ಲಿ ಉತ್ತರ ಕೇಳಿ.

ಪ್ರಶ್ನೆ: ನಮ್ಮ ಲೆಕ್ಕಪರಿಶೋಧಕರ ಕಚೇರಿಯ ಹುಡುಗರು ಜಿಎಸ್‌ಟಿ ಪೋರ್ಟಲ್‌ನಿಂದ ಎಲ್ಲ ಗಿರಾಕಿಗಳ ರಿಟರ್ನ್ ಒಟ್ಟಿಗೆ ಇಳಿಸುವ ಕ್ರೋಮ್ ಎಕ್ಸ್‌ಟೆನ್ಶನ್ ಹಾಕಿಕೊಂಡಿದ್ದಾರೆ. ಕೆಲಸ ಬೇಗ ಆಗುತ್ತಿದೆ. ಬಿಡಿಸಬೇಕೇ?
— ಓದುಗರು, ಹುಬ್ಬಳ್ಳಿ

ಉತ್ತರ: ಹಾಕುವಾಗ ಅದು ಕೇಳಿದ ಅನುಮತಿ ನೋಡಿ. 'ಎಲ್ಲ ವೆಬ್‌ಸೈಟ್‌ಗಳಲ್ಲಿನ ನಿಮ್ಮ ಎಲ್ಲ ಡೇಟಾ ಓದುವುದು ಮತ್ತು ಬದಲಾಯಿಸುವುದು' ಎಂದಿದ್ದರೆ ಅದೇ ಬ್ರೌಸರ್‌ನಲ್ಲಿ ತೆರೆಯುವ ಬ್ಯಾಂಕ್ ಪುಟವೂ ಅದರೊಳಗೆ ಬಂತು. ಇವತ್ತು ಒಳ್ಳೆಯದಿದ್ದದ್ದು ನಾಳೆಯೂ ಹಾಗೇ ಇರುತ್ತದೆಂದಲ್ಲ, ಎಕ್ಸ್‌ಟೆನ್ಶನ್‌ಗಳು ಕೇಳದೆ ಅಪ್‌ಡೇಟ್ ಆಗುತ್ತವೆ. 2024ರ ಡಿಸೆಂಬರ್‌ನಲ್ಲಿ ಸೈಬರ್‌ಹೇವನ್ ಎಂಬ ಡೇಟಾ ಭದ್ರತಾ ಕಂಪನಿಯ ಸಿಬ್ಬಂದಿಯೊಬ್ಬರನ್ನೇ ಸುಳ್ಳು ಇಮೇಲ್‌ನಿಂದ ವಂಚಿಸಿ, ಅವರ ಕ್ರೋಮ್ ಎಕ್ಸ್‌ಟೆನ್ಶನ್‌ನ ಕೆಟ್ಟ ಆವೃತ್ತಿಯನ್ನು ಬಳಕೆದಾರರಿಗೆ ತಲುಪಿಸಿದ್ದರು.

ಕೆಲಸ ನಿಲ್ಲಿಸದೆ ಮಾಡಬಹುದಾದ್ದು ಇಷ್ಟು. ಜಿಎಸ್‌ಟಿ ಕೆಲಸಕ್ಕೆ ಬೇರೆಯೇ ಕ್ರೋಮ್ ಪ್ರೊಫೈಲ್ ಮಾಡಿ, ಅದರಲ್ಲಿ ಬ್ಯಾಂಕ್, ಇಮೇಲ್ ಏನೂ ಬೇಡ. ಎಕ್ಸ್‌ಟೆನ್ಶನ್‌ನ ವಿವರದಲ್ಲಿ 'ಸೈಟ್ ಆ್ಯಕ್ಸೆಸ್' ಅನ್ನು ಜಿಎಸ್‌ಟಿ ಪೋರ್ಟಲ್‌ಗೆ ಮಾತ್ರ ಸೀಮಿತ ಮಾಡಿ. ಕಚೇರಿಯ ಎಲ್ಲ ಯಂತ್ರಗಳಲ್ಲಿ ಕ್ರೋಮ್‌ನ ಪಾಲಿಸಿಯಿಂದ ಎಲ್ಲ ಎಕ್ಸ್‌ಟೆನ್ಶನ್‌ಗಳನ್ನೂ ತಡೆದು, ನೀವು ಒಪ್ಪಿದವುಗಳ 32 ಅಕ್ಷರದ ಐಡಿಯನ್ನು ಮಾತ್ರ ಅನುಮತಿ ಪಟ್ಟಿಗೆ ಸೇರಿಸಿ.

ಇದಕ್ಕಿಂತ ಒಳ್ಳೆಯ ದಾರಿ, ಪಾಸ್‌ವರ್ಡ್ ಕೇಳದೆ ಜಿಎಸ್‌ಪಿ (ಜಿಎಸ್‌ಟಿ ಜಾಲದ ಅನುಮತಿ ಪಡೆದ ಸೇವಾ ಕಂಪನಿ) ಮೂಲಕ ಎಪಿಐ (ಎರಡು ಸಾಫ್ಟ್‌ವೇರ್‌ಗಳು ನೇರವಾಗಿ ಮಾತಾಡುವ ದಾರಿ) ಬಳಸುವ ಸಾಫ್ಟ್‌ವೇರ್. ಗಿರಾಕಿಯ ಲಾಗಿನ್‌ನಲ್ಲಿ 'ಮೈ ಪ್ರೊಫೈಲ್' ಒಳಗೆ 'ಮ್ಯಾನೇಜ್ ಎಪಿಐ ಆ್ಯಕ್ಸೆಸ್' ಎಂದಿದೆ. ಅಲ್ಲಿ 'ಯೆಸ್' ಮಾಡಿ 6 ಗಂಟೆಯಿಂದ 30 ದಿನದವರೆಗೆ ಅವಧಿ ಆರಿಸಬೇಕು. ಒಟಿಪಿ ಗಿರಾಕಿಗೇ ಹೋಗುತ್ತದೆ. ಪ್ರತಿ ತಿಂಗಳು ಒಟಿಪಿ ಕೇಳುವುದು ಕಿರಿಕಿರಿಯೇ, ನಿಜ. ಆದರೆ ನೂರು ಗಿರಾಕಿಗಳ ಪಾಸ್‌ವರ್ಡ್ ಬರೆದ ಎಕ್ಸೆಲ್ ಶೀಟ್ ಕಚೇರಿಯಲ್ಲಿ ಇರಬೇಕಾಗಿಲ್ಲ.

ಪ್ರಶ್ನೆ: ಎಡಿಟ್ ಲಾಗ್ (ಟ್ಯಾಲಿಯಲ್ಲಿ ಮಾಡಿದ ತಿದ್ದುಪಡಿಗಳ ದಾಖಲೆ) ಕಾಣಿಸದಂತೆ ಮಾಡುವ ಟಿಡಿಎಲ್ ಇದೆ ಎನ್ನುತ್ತಾರೆ. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ನಡೆಯುತ್ತದೆಯೇ?
— ಹೆಸರು ಬೇಡ ಎಂದಿದ್ದಾರೆ

ಉತ್ತರ: ಹೆಸರು ಬೇಡ ಎಂದದ್ದು ಯಾಕೆಂದು ಅರ್ಥವಾಯಿತು. ನಡೆಯುವುದಿಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯನ್ನೂ ದಿನಾಂಕದೊಂದಿಗೆ ದಾಖಲಿಸಬೇಕು, ಆ ಸೌಲಭ್ಯವನ್ನು ನಿಲ್ಲಿಸಲು ಆಗದಂತಿರಬೇಕು. ವರ್ಷಪೂರ್ತಿ ಅದು ನಡೆಯಿತೇ, ಅದರಲ್ಲಿ ಯಾರಾದರೂ ಕೈಯಾಡಿಸಿದರೇ ಎಂದು ಆಡಿಟರ್ ತಮ್ಮ ವರದಿಯಲ್ಲಿ ಬರೆಯಬೇಕು. ಅಂಥ ಟಿಡಿಎಲ್ ಮಾರುವವರು ಎಫ್1 ಪಟ್ಟಿಯಲ್ಲಿ ಅದರ ಹೆಸರು ಕಾಣುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ.