ಸಂಪಾದಕರ ಉತ್ತರ: ಏಲಿಯ ಮಕ್ಕಳು ಕದ್ದದ್ದು ಬರೀ ಮಾಂಸವೇ?

ಮಾನ್ಯರೇ,

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಬರುವ, ಇಸ್ರಾಯೇಲ್ಯರ ಆರಾಧನಾಸ್ಥಳವಾಗಿದ್ದ ಶೀಲೋವಿನ ಯಾಜಕ ಏಲಿ ಮತ್ತು ಅವನ ಇಬ್ಬರು ಮಕ್ಕಳ ಬಗ್ಗೆ ನೀವು ಬರೆದ ಪತ್ರ ತಲುಪಿದೆ. ನಿಮ್ಮ ಆಕ್ಷೇಪದ ಸಾರ ಇಷ್ಟು: ಬಲಿಯ ಮಾಂಸದಲ್ಲಿ ಯಾಜಕರಿಗೆ ಪಾಲಿದೆ ಎಂದು ಮೋಶೆಯ ಧರ್ಮಶಾಸ್ತ್ರವೇ ಹೇಳುತ್ತದೆ. ಹಾಗಿರುವಾಗ ಹೊಫ್ನಿ, ಫೀನೆಹಾಸರು ಒಂದಿಷ್ಟು ಹೆಚ್ಚು ತೆಗೆದುಕೊಂಡರೆಂದು ಪ್ರಾಣವನ್ನೇ ತೆಗೆಯಬೇಕೆ? ಮಕ್ಕಳನ್ನು ಗದರಿಸಿದ ಏಲಿಗೂ ಶಿಕ್ಷೆ ಯಾಕೆ? ಮುಂದೆ ಯಾಜಕರ ಊರಾದ ನೋಬಿನಲ್ಲಿ ಕೊಲೆಯಾದ 85 ಯಾಜಕರು ಯಾರ ತಪ್ಪಿಗೆ ಸತ್ತರು? ಮೂರೂ ಕೇಳಲೇಬೇಕಾದ ಪ್ರಶ್ನೆಗಳು. ಮೊದಲನೆಯದಕ್ಕೆ ಉತ್ತರ ಸಿಗಬೇಕಾದರೆ, ದೇವರಿಗೂ ಯಾಜಕನಿಗೂ ಬಲಿ ತಂದವನಿಗೂ ಪಾಲಿರುವ ಸಮಾಧಾನಯಜ್ಞ ಹೇಗೆ ನಡೆಯುತ್ತಿತ್ತು ಎಂಬುದನ್ನು ಹಂತಹಂತವಾಗಿ ನೋಡಬೇಕು.

ಮೋಶೆಯ ಧರ್ಮಶಾಸ್ತ್ರದ ಭಾಗವಾದ ಯಾಜಕಕಾಂಡದ 3 ಮತ್ತು 7ನೇ ಅಧ್ಯಾಯಗಳಲ್ಲಿ ಆ ವಿಧಿ ಇದೆ. ಹರಕೆ ಹೊತ್ತವನು ತನ್ನ ಪಶುವನ್ನು ತಂದು ಅದರ ತಲೆಯ ಮೇಲೆ ಕೈಯಿಟ್ಟು, ದೇವದರ್ಶನದ ಗುಡಾರದ ಬಾಗಿಲಲ್ಲಿ ತಾನೇ ಕೊಯ್ಯುತ್ತಾನೆ. ರಕ್ತವನ್ನು ಯಜ್ಞವೇದಿಯ ಸುತ್ತ ಎರಚುವುದು ಯಾಜಕನ ಕೆಲಸ. ಆಮೇಲೆ ಕೊಬ್ಬು: ಕರುಳಿನ ಮೇಲಿನದು, ಎರಡು ಮೂತ್ರಪಿಂಡ ಮತ್ತು ಅವುಗಳಿಗೆ ಹತ್ತಿದ್ದು, ಯಕೃತ್ತಿನ ಮೇಲಿನ ಭಾಗ. ಕುರಿಯಾದರೆ ಬೆನ್ನೆಲುಬಿನ ಬುಡದಿಂದ ಕತ್ತರಿಸಿದ ಇಡೀ ಬಾಲವೂ ಸೇರುತ್ತದೆ, ಏಕೆಂದರೆ ಆ ನಾಡಿನ ಕುರಿಗಳಿಗೆ ಕೊಬ್ಬು ತುಂಬಿದ ದಪ್ಪ ಬಾಲ. ಇದಿಷ್ಟೂ ಬೆಂಕಿಗೆ. ಕೊಬ್ಬೆಲ್ಲಾ ಯೆಹೋವನದು, ಅಂದರೆ ಇಸ್ರಾಯೇಲ್ಯರ ದೇವರದು, ಅದನ್ನು ಯಾರೂ ತಿನ್ನಕೂಡದು. ತಿಂದವನು ಕುಲದಿಂದ ಹೊರಗೆ.

ಕೊಬ್ಬು ಹೋಮವಾದ ಮೇಲೆ ಎದೆಯ ಭಾಗ ಮೊದಲ ಮಹಾಯಾಜಕ ಆರೋನನ ವಂಶದ ಯಾಜಕರಿಗೆಲ್ಲ, ಬಲತೊಡೆ ಆ ದಿನ ವಿಧಿ ನಡೆಸಿದ ಯಾಜಕನಿಗೆ. ಧರ್ಮೋಪದೇಶಕಾಂಡದ 18ನೇ ಅಧ್ಯಾಯದ ಲೆಕ್ಕ ಬೇರೆ: ಮುಂದೊಡೆ, ಎರಡು ದವಡೆ, ಹೊಟ್ಟೆ. ಎರಡರಲ್ಲಿ ಯಾವ ಪಟ್ಟಿ ಹಿಡಿದರೂ ಪಾಲು ಯಾವುದು ಎಂಬುದು ಮೊದಲೇ ಗೊತ್ತಿರುತ್ತದೆ. ಉಳಿದದ್ದು ಹರಕೆಯವನ ಮನೆಮಂದಿಗೆ. ಕೃತಜ್ಞತೆಯ ಬಲಿಯಾದರೆ ಅದೇ ದಿನ ತಿಂದು ಮುಗಿಸಬೇಕು, ಹರಕೆಯದಾದರೆ ಮರುದಿನದವರೆಗೂ ತಿನ್ನಬಹುದು, ಮೂರನೆಯ ದಿನಕ್ಕೆ ಉಳಿದದ್ದನ್ನು ಸುಡಬೇಕು.

ಈಗ ಒಂದನೆಯ ಸಮುವೇಲದ 2ನೇ ಅಧ್ಯಾಯ, 12ರಿಂದ 17ನೇ ವಚನ ಓದಿ. ಮನೆಯವರು ತಮ್ಮ ಪಾಲಿನ ಮಾಂಸ ಬೇಯಿಸುತ್ತಿದ್ದಾರೆ. ಯಾಜಕನ ಆಳು ಮೂರು ಹಲ್ಲಿನ ಕೊಕ್ಕೆ ಹಿಡಿದು ಬಂದು ಪಾತ್ರೆಗೆ ಚುಚ್ಚುತ್ತಾನೆ. ಮೂಲದಲ್ಲಿ ನಾಲ್ಕು ಬಗೆಯ ಪಾತ್ರೆಗಳ ಹೆಸರಿದೆ, ಅಂದರೆ ಯಾವ ಒಲೆಯೂ ತಪ್ಪುತ್ತಿರಲಿಲ್ಲ. ಕೊಕ್ಕೆಗೆ ಸಿಕ್ಕಿದ್ದೆಲ್ಲ ಯಾಜಕನದು. ಶೀಲೋಗೆ ಬರುತ್ತಿದ್ದ ಎಲ್ಲ ಇಸ್ರಾಯೇಲ್ಯರಿಗೂ ಹೀಗೇ ಮಾಡುತ್ತಿದ್ದರು ಎಂದೂ ಅಲ್ಲಿ ಬರೆದಿದೆ. ಎಂದೋ ಒಂದು ದಿನದ ಹಸಿವಿನ ಮಾತಲ್ಲ ಇದು, ವರ್ಷಾನುಗಟ್ಟಲೆ ನಡೆದುಬಂದ ರೂಢಿ. ಗೊತ್ತುಮಾಡಿದ ಪಾಲಿನ ಜಾಗಕ್ಕೆ ಕೊಕ್ಕೆ ಬಂತು, ಅದೂ ಬಡವನ ಮನೆಯವರ ಪಾಲಿನೊಳಗೆ.

ಎರಡನೆಯದು ಇದಕ್ಕಿಂತ ಘೋರ. ಕೊಬ್ಬನ್ನು ಹೋಮಮಾಡುವ ಮೊದಲೇ ಆಳು ಬಂದು, ‘ಸುಟ್ಟು ತಿನ್ನುವುದಕ್ಕೆ ಹಸಿ ಮಾಂಸ ಕೊಡು, ಬೆಂದದ್ದು ಯಾಜಕನಿಗೆ ಬೇಡ’ ಎನ್ನುತ್ತಾನೆ. ಆಗ ಹರಕೆಯವನು ಹೇಳುವ ಮಾತು ನೋಡಿ: ಮೊದಲು ಕೊಬ್ಬು ಹೋಮವಾಗಲಿ, ಆಮೇಲೆ ನಿನಗೆಷ್ಟು ಬೇಕೋ ಅಷ್ಟು ತೆಗೆದುಕೊ. ತನ್ನ ಪಾಲು ಹೋದರೂ ಚಿಂತೆಯಿಲ್ಲ, ದೇವರದನ್ನು ಮಾತ್ರ ಬಿಡು ಎಂದು ಅವನು ಅಂಗಲಾಚುತ್ತಿದ್ದಾನೆ. ಆ ಜಾಗದಲ್ಲಿ ಶಾಸ್ತ್ರ ಗೊತ್ತಿದ್ದು ಅದನ್ನು ಕಾಯುತ್ತಿರುವವನು ಊರಿನಿಂದ ಬಂದ ಆ ಸಾಮಾನ್ಯ ಮನುಷ್ಯ. ಶಾಸ್ತ್ರ ಕಲಿಸಬೇಕಾದವನ ಆಳಿನ ಉತ್ತರ: ‘ಈಗಲೇ ಕೊಡು, ಇಲ್ಲದಿದ್ದರೆ ಕಿತ್ತುಕೊಳ್ಳುತ್ತೇನೆ.’ ಯೆಹೋವನ ನೈವೇದ್ಯವನ್ನು ಅವರು ತುಚ್ಛಮಾಡಿದರು ಎಂದು ಗ್ರಂಥ ತೀರ್ಪು ಕೊಡುವುದು ಇದಾದ ಮೇಲೆಯೇ. ಈ ಕೆಲವು ಸಾಲುಗಳನ್ನು ಓದಿದಾಗಲೆಲ್ಲ ನನಗೆ ಆ ಹೆಸರಿಲ್ಲದ ಹರಕೆಯವನ ಮೇಲೆ ಗೌರವ ಹೆಚ್ಚುತ್ತದೆ.

ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಹೆಂಗಸರೊಂದಿಗೆ ಅವರು ಮಲಗುತ್ತಿದ್ದರೆಂಬ ಆರೋಪವನ್ನೂ (2:22) ನೀವು ಎತ್ತಿದ್ದೀರಿ. ಮೃತ ಸಮುದ್ರದ ಬಳಿ, ಕುಮ್ರಾನಿನ 4ನೇ ಗುಹೆಯಲ್ಲಿ ಸಿಕ್ಕ ಸಮುವೇಲನ ಗ್ರಂಥದ ಹಳೆಯ ಸುರುಳಿಯಲ್ಲಿ ಆ ಮಾತಿಲ್ಲ. ಅದನ್ನು ಬದಿಗಿಟ್ಟರೂ ಮಾಂಸದ ವಿಷಯವೊಂದೇ ತೀರ್ಪಿಗೆ ಸಾಕು.

ಇಷ್ಟಕ್ಕೆ ಕ್ಷಮೆ ಇರಲಿಲ್ಲವೇ? ತಿಳಿಯದೆ ಮಾಡಿದ್ದರೆ ಇತ್ತು. ದೇವರಿಗೆ ಮೀಸಲಾದದ್ದನ್ನು ಅರಿಯದೆ ಬಳಸಿಕೊಂಡವನು ಒಂದು ಟಗರು ಅರ್ಪಿಸಿ, ಆದ ನಷ್ಟವನ್ನು ಐದನೆಯ ಒಂದು ಭಾಗ ಸೇರಿಸಿ ತುಂಬಿಕೊಟ್ಟರೆ ಮುಗಿಯಿತು (ಯಾಜಕಕಾಂಡ 5:15-16). ಬೇಕೆಂದೇ, ತಲೆ ಎತ್ತಿ ಮಾಡಿದ ಪಾಪಕ್ಕೆ ಈ ದಾರಿ ಇಲ್ಲ ಎನ್ನುತ್ತದೆ ಅರಣ್ಯಕಾಂಡ 15:30. ಏಲಿಯ ಮನೆಯ ದೋಷ ಯಜ್ಞದಿಂದಲೂ ನೈವೇದ್ಯದಿಂದಲೂ ಎಂದಿಗೂ ಪರಿಹಾರವಾಗದು ಎಂದು ಏಲಿಯ ಬಳಿ ಬೆಳೆಯುತ್ತಿದ್ದ ಹುಡುಗ ಸಮುವೇಲನಿಗೆ ಕೇಳಿಸಿದ ದೇವರ ಮಾತು (ಒಂದನೆಯ ಸಮುವೇಲ 3:14) ಈ ನಿಯಮದ ಮೇಲೆಯೇ ನಿಂತಿದೆ. ಪಾಪ ಕಳೆಯುವ ಸಾಧನವನ್ನೇ ತುಳಿದವರಿಗೆ ಆ ಸಾಧನ ಹೇಗೆ ಉಪಯೋಗಕ್ಕೆ ಬಂದೀತು?

ವಿಧಿಯಲ್ಲಿ ಎಡವಿದ ಪ್ರತಿಯೊಬ್ಬ ಯಾಜಕನೂ ಸತ್ತ ಎಂದುಕೊಳ್ಳಬೇಡಿ. ಯಾಜಕಕಾಂಡದ 10ನೇ ಅಧ್ಯಾಯವನ್ನು ಕೊನೆಯವರೆಗೆ ಓದಬೇಕು, ಹೆಚ್ಚಿನವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಅಪ್ಪಣೆಯಿಲ್ಲದ ಬೆಂಕಿಯನ್ನು ತಂದ ಆರೋನನ ಮಕ್ಕಳು ನಾದಾಬ್ ಮತ್ತು ಅಬೀಹೂ ಸತ್ತ ಆ ದಿನವೇ, ಉಳಿದ ತಮ್ಮಂದಿರು ತಿನ್ನಬೇಕಾಗಿದ್ದ ದೋಷಪರಿಹಾರಕ ಬಲಿಯ ಮಾಂಸವನ್ನು ತಿನ್ನದೆ ಸುಟ್ಟುಬಿಟ್ಟರು. ಮೋಶೆ ಸಿಟ್ಟಾದ. ‘ಇಂಥದ್ದು ನನಗೆ ಸಂಭವಿಸಿದ ದಿನ ನಾನು ಅದನ್ನು ತಿಂದಿದ್ದರೆ ಯೆಹೋವನಿಗೆ ಒಪ್ಪಿಗೆಯಾಗುತ್ತಿತ್ತೇ?’ ಎಂದು ಆರೋನ ಕೇಳಿದ. ಮೋಶೆಗೆ ಅದು ಸರಿಯೆನಿಸಿತು, ವಿಷಯ ಅಲ್ಲಿಗೇ ಮುಗಿಯಿತು.

ಏಲಿಯ ವಿಷಯಕ್ಕೆ ಬರೋಣ. ಅವನು ಗದರಿಸಿದ್ದು ನಿಜ. ಆದರೆ ಅವನು ಬರೀ ತಂದೆಯಲ್ಲ, ಶೀಲೋವಿನ ಯಾಜಕ, 40 ವರ್ಷ ಇಸ್ರಾಯೇಲ್ಯರಿಗೆ ನ್ಯಾಯ ತೀರಿಸಿದವನು. ಮಕ್ಕಳನ್ನು ಸೇವೆಯಿಂದ ಬಿಡಿಸುವ ಅಧಿಕಾರ ಅವನ ಕೈಯಲ್ಲೇ ಇತ್ತು, ಅದನ್ನು ಅವನು ಬಳಸಲಿಲ್ಲ. ಮಕ್ಕಳ ಅಕ್ರಮ ತಿಳಿದೂ ತಡೆಯಲಿಲ್ಲ ಎಂಬುದೇ 3:13ರ ಆರೋಪ. ದೇವರ ಮನುಷ್ಯನೊಬ್ಬ ಬಂದು ದೇವರ ಮಾತಾಗಿ ಹೇಳಿದ್ದು ಇನ್ನೂ ಕಟುವಾಗಿದೆ: ನನಗಿಂತ ನಿನ್ನ ಮಕ್ಕಳನ್ನೇ ಹೆಚ್ಚಾಗಿ ಮನ್ನಿಸಿ, ಕಾಣಿಕೆಗಳ ಉತ್ತಮ ಭಾಗ ತಿಂದು ನೀವು ಕೊಬ್ಬಿದ್ದೀರಿ (2:29). ‘ನೀವು’ ಎಂಬುದರಲ್ಲಿ ಅಪ್ಪನೂ ಸೇರಿದ್ದಾನೆ. ಅವನು ಸಾಯುವಾಗ ಮುದುಕನೂ ಸ್ಥೂಲಕಾಯನೂ ಆಗಿದ್ದನೆಂದು 4:18 ಹೇಳುತ್ತದೆ. ಕೊಕ್ಕೆ ತಂದ ಮಾಂಸ ಅವನ ತಟ್ಟೆಗೂ ಬೀಳುತ್ತಿತ್ತು ಎಂದೇ ನನ್ನ ಓದು.

ಶಿಕ್ಷೆ ಬಂದದ್ದು ಆಕಾಶದ ಬೆಂಕಿಯಾಗಿ ಅಲ್ಲ, ಯುದ್ಧವಾಗಿ. ಅಫೇಕದ ಬಳಿ ಶತ್ರುಗಳಾದ ಫಿಲಿಷ್ಟಿಯರ ಎದುರು ಮೊದಲ ಸೋಲಿನಲ್ಲಿ ಸುಮಾರು 4,000 ಜನ ಸತ್ತರು. ದೇವರ ಸಾನ್ನಿಧ್ಯದ ಗುರುತಾದ ಪವಿತ್ರ ಪೆಟ್ಟಿಗೆ, ಅಂದರೆ ಮಂಜೂಷವನ್ನು ತಂದರೆ ಗೆಲ್ಲುತ್ತೇವೆಂದು ಹಿರಿಯರು ಅದನ್ನು ಶೀಲೋವಿನಿಂದ ತರಿಸಿದರು, ಏಲಿಯ ಮಕ್ಕಳೂ ಜೊತೆಗೆ ಬಂದರು. ಎರಡನೆಯ ಸೋಲಿನಲ್ಲಿ 30,000 ಕಾಲಾಳು ಬಿದ್ದರು, ಮಂಜೂಷ ಹೋಯಿತು, ಅಣ್ಣತಮ್ಮಂದಿರಿಬ್ಬರೂ ಒಂದೇ ದಿನ ಸತ್ತರು. ಮಂಜೂಷದ ಸುದ್ದಿ ಕಿವಿಗೆ ಬಿದ್ದಾಗ 98 ವರ್ಷದ ಏಲಿ ಪೀಠದಿಂದ ಹಿಂದಕ್ಕೆ ಬಿದ್ದು ಕತ್ತು ಮುರಿದು ಸತ್ತ. ಶೀಲೋ ಏನಾಯಿತೆಂದು ಸಮುವೇಲನ ಗ್ರಂಥ ಹೇಳುವುದಿಲ್ಲ. 1981ರಿಂದ 1984ರವರೆಗೆ ಅಲ್ಲಿ ಪುರಾತತ್ತ್ವಜ್ಞ ಇಸ್ರೇಲ್ ಫಿಂಕೆಲ್‌ಸ್ಟೈನ್ ನೇತೃತ್ವದಲ್ಲಿ ನಡೆದ ಉತ್ಖನನದಲ್ಲಿ, ಕ್ರಿ.ಪೂ. 11ನೇ ಶತಮಾನದಲ್ಲಿ ಬೆಂಕಿಗೆ ಬಿದ್ದು ಹಾಳಾದ ಕಟ್ಟಡಗಳೂ ಅವುಗಳೊಳಗಿನ ದೊಡ್ಡ ದೊಡ್ಡ ಶೇಖರಣಾ ಜಾಡಿಗಳೂ ಸಿಕ್ಕವು.

ನೋಬಿನ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು. ತನ್ನಿಂದ ತಪ್ಪಿಸಿಕೊಂಡು ಓಡುತ್ತಿದ್ದ ದಾವೀದನಿಗೆ ರೊಟ್ಟಿ ಕೊಟ್ಟರೆಂಬ ಕಾರಣಕ್ಕೆ ಸಿಟ್ಟಾದ ರಾಜ ಸೌಲನ ಅಪ್ಪಣೆಯಂತೆ ಎದೋಮ್ಯನಾದ ದೋಯೇಗ, ನಾರಿನ ಏಫೋದು (ಯಾಜಕರ ಉಡುಪು) ಧರಿಸಿದ್ದ 85 ಮಂದಿಯನ್ನು ಕಡಿದ. ಅವರ ಮುಖ್ಯಸ್ಥ ಅಹೀಮೆಲೆಕ ಏಲಿಯ ವಂಶದವನು. ಇದು ಏಲಿಯ ಪಾಪದ ಫಲ ಎಂದು ಒಂದನೆಯ ಸಮುವೇಲದ 22ನೇ ಅಧ್ಯಾಯ ಎಲ್ಲಿಯೂ ಹೇಳುವುದಿಲ್ಲ. ಸೌಲನ ಸ್ವಂತ ಕಾವಲುಗಾರರೇ ಯಾಜಕರ ಮೇಲೆ ಕೈಯೆತ್ತಲು ಒಪ್ಪಲಿಲ್ಲ ಎಂದು ಬರೆದಿಟ್ಟಿರುವುದರಲ್ಲಿ ತಪ್ಪು ಯಾರದೆಂಬುದು ಸ್ಪಷ್ಟವಿದೆ. ‘ನಿನ್ನ ಮನೆಯವರು ಪ್ರಾಯದಲ್ಲೇ ಸಾಯುವರು’ ಎಂಬ 2:33ರ ನೆರಳು ಇಲ್ಲಿ ಕಾಣುತ್ತದೆಂದು ವ್ಯಾಖ್ಯಾನಕಾರರು ಹೇಳುವುದುಂಟು, ಆದರೆ ಆ ಕೊಲೆಯನ್ನು ದೇವರ ತೀರ್ಪು ಎಂದು ಬೋಧಿಸುವವರ ಮಾತನ್ನು ನಾನು ಒಪ್ಪಲಾರೆ. ಗ್ರಂಥ ತಾನಾಗಿ ‘ಏಲಿಯ ಮನೆಯ ಕುರಿತ ಮಾತು ನೆರವೇರಿತು’ ಎನ್ನುವುದು ಬೇರೆ ಕಡೆ, ಒಂದನೆಯ ಅರಸುಗಳು 2:27ರಲ್ಲಿ. ನೋಬಿನಿಂದ ತಪ್ಪಿಸಿಕೊಂಡಿದ್ದ ಅಹೀಮೆಲೆಕನ ಮಗ ಎಬ್ಯಾತಾರ ಮುಂದೆ, ದಾವೀದನ ಸಿಂಹಾಸನಕ್ಕೆ ಸೊಲೊಮೋನನ ಪ್ರತಿಸ್ಪರ್ಧಿಯಾದ ಅದೋನೀಯನ ಪಕ್ಷ ಸೇರಿದ. ರಾಜನಾದ ಸೊಲೊಮೋನ ಎಬ್ಯಾತಾರನ ಪ್ರಾಣ ಉಳಿಸಿ, ಯಾಜಕತ್ವ ಕಿತ್ತುಕೊಂಡು, ಅನಾತೋತಿನ ಹೊಲಕ್ಕೆ ಕಳುಹಿಸಿದ. ಆ ಸ್ಥಾನ ಬೇರೆ ಮನೆತನದ ಯಾಜಕ ಚಾದೋಕನಿಗೆ ಹೋಯಿತು. ಅಪ್ಪನಿಂದ ಮಗನಿಗೆ ಬರುವ ಹುದ್ದೆಯಾದ್ದರಿಂದ ಅದು ಹೋದಾಗಲೂ ಇಡೀ ಮನೆತನದಿಂದಲೇ ಹೋಯಿತು. ಮಾಂಸವನ್ನು ಕಿತ್ತು ತಿಂದವರ ಸಂತತಿ ಒಂದು ತುಂಡು ರೊಟ್ಟಿಗಾಗಿ ಯಾಜಕೋದ್ಯೋಗ ಬೇಡುವುದು ಎಂದು ಒಂದನೆಯ ಸಮುವೇಲ 2:36 ಹೇಳಿತ್ತು.

ಪ್ರವಾದಿಗಳಲ್ಲೂ ಇದೇ ದೂರು ಇದೆ. ಜನರ ಪಾಪವೇ ಯಾಜಕರ ಅನ್ನವಾಗಿದೆ ಎನ್ನುತ್ತಾನೆ ಹೋಶೇಯ (4:8): ಜನ ಹೆಚ್ಚು ತಪ್ಪಿದಷ್ಟೂ ಇವರಿಗೆ ಹೆಚ್ಚು ಬಲಿಮಾಂಸ. ಕುರುಡು, ಕುಂಟು ಪಶುಗಳನ್ನು ವೇದಿಗೆ ಬಿಟ್ಟುಕೊಂಡ ಯಾಜಕರಿಗೆ, ಅವರ ಹಬ್ಬದ ಬಲಿಗಳ ಸಗಣಿಯನ್ನೇ ಮುಖಕ್ಕೆ ಬಳಿಯುವೆನೆಂದು ಮಲಾಕಿಯನ ಮೂಲಕ ದೇವರು ಹೇಳುತ್ತಾನೆ (2:3). ದೋಷಪರಿಹಾರಕ ಹೋರಿಯ ಸಗಣಿಯನ್ನು ತೊಗಲಿನ ಜೊತೆ ಪಾಳೆಯದ ಹೊರಗೆ ಒಯ್ದು ಸುಡುವುದು ವಿಧಿ. ಸಗಣಿ ಮೆತ್ತಿದ ಯಾಜಕನ ಸ್ಥಾನವೂ ಅದರೊಂದಿಗೆ ಹೊರಗೇ. ಯೆಹೆಜ್ಕೇಲನ 44ನೇ ಅಧ್ಯಾಯದ ಶಿಕ್ಷೆ ಅಷ್ಟು ಕಠಿಣವಲ್ಲ: ವಿಗ್ರಹಗಳ ಹಿಂದೆ ಹೋದ ಲೇವಿಯರು, ಅಂದರೆ ದೇವಾಲಯ ಸೇವೆಯ ಕುಲದವರು, ಬಾಗಿಲು ಕಾಯಬಹುದು, ಪಶು ಕೊಯ್ಯಬಹುದು, ವೇದಿಯ ಹತ್ತಿರ ಮಾತ್ರ ಬರಕೂಡದು.

ನೀವು ಮತ್ತೆ ಓದುವುದಾದರೆ ಯಾಜಕಕಾಂಡ 3, 7, 10 ಮೊದಲು, ಒಂದನೆಯ ಸಮುವೇಲ 2ರಿಂದ 4 ಆಮೇಲೆ. ಅದಾದ ಮೇಲೆ ಯೆರೆಮೀಯನ 7 ಮತ್ತು 26ನೇ ಅಧ್ಯಾಯ. ಈ ಆಲಯಕ್ಕೂ ಶೀಲೋವಿನ ಗತಿಯೇ ಆದೀತು ಎಂಬ ಎಚ್ಚರಿಕೆಯಾಗಿ, ‘ಶೀಲೋಗೆ ಹೋಗಿ ನೋಡಿರಿ’ ಎಂದು ಯೆರೂಸಲೇಮಿನ ದೇವಾಲಯದ ಬಾಗಿಲಲ್ಲಿ ನಿಂತು ಹೇಳಿದ ಪ್ರವಾದಿ ಯೆರೆಮೀಯ ಅನಾತೋತಿನ ಯಾಜಕರ ಮನೆಯವನು. ಅವನನ್ನು ಕೊಲ್ಲಬೇಕೆಂದು ಮೊದಲು ಹಿಡಿದವರಲ್ಲಿ ಯಾಜಕರೂ ಇದ್ದರು.

— ಸಂ.